ಕೆಸುವಿನಿಂದ ಜಾನುವಾರು ಮೇವು: ಕೊಯ್ಲಿನಿಂದ ಬಾನಿಯವರೆಗೆ

ಮಲೆನಾಡು, ಕರಾವಳಿಯ ತೋಟಗಳಲ್ಲಿ ಮಳೆ ಹಿಡಿದ ಕೂಡಲೇ ತಾನಾಗಿಯೇ ಎದ್ದು ಬರುವ ಗಿಡ ಕೆಸು. ಪತ್ರೊಡೆಗೆ, ಸಾರಿಗೆ ಒಂದಷ್ಟು ಎಲೆ ಕೊಯ್ಯುತ್ತೇವೆ. ಉಳಿದದ್ದು ಬಸಿಗಾಲುವೆಯಲ್ಲೇ ಕೊಳೆಯುತ್ತದೆ. ಅದೇ ಹೊತ್ತಿಗೆ ಕೊಟ್ಟಿಗೆಯಲ್ಲಿ ಮೇವಿನ ಕಷ್ಟ. ಜಡಿಮಳೆಯಲ್ಲಿ ಹುಲ್ಲು ಕೊಯ್ಯಲು ಹೋಗುವಂತಿಲ್ಲ, ಬೈಹುಲ್ಲಿಗೆ ತೇವ ಹಿಡಿದಿರುತ್ತದೆ, ಹಿಂಡಿಯ ರೇಟು ಕೈಗೆ ಸಿಗುವುದಿಲ್ಲ. ಹಾಗಾದರೆ ಈ ಕೆಸುವನ್ನು ದನಕ್ಕೆ, ಹಂದಿಗೆ ಹಾಕಬಹುದಾ?

ಹಾಕಬಹುದು. ಅಸ್ಸಾಂ, ಮೇಘಾಲಯ, ನಾಗಾಲ್ಯಾಂಡ್ ಕಡೆ ಮನೆಯ ಹಂದಿಗಳಿಗೆ ಕೆಸು ಬೇಯಿಸಿ ತೌಡಿನ ಜೊತೆ ಹಾಕುವುದು ದಿನನಿತ್ಯದ ಪದ್ಧತಿ. ವಿಯೆಟ್ನಾಂ, ಲಾವೋಸ್‌ನ ಸಣ್ಣ ರೈತರು ಇದನ್ನು ಗಾಳಿಯಾಡದಂತೆ ಹುದುಗಿಸಿ ರಸಮೇವು (ಸೈಲೇಜ್) ಮಾಡಿ ಹಂದಿ ಸಾಕುತ್ತಾರೆ. ಆದರೆ ಕೊಯ್ದು ತಂದು ಸುಮ್ನೆ ಗೋದಲಿಗೆ ಸುರಿಯುವ ಸೊಪ್ಪಲ್ಲ ಇದು. ತುರಿಕೆ ತೆಗೆಯಬೇಕು, ಮಿತಿಯಲ್ಲಿ ಕೊಡಬೇಕು, ಜೊತೆಗೆ ಕ್ಯಾಲ್ಸಿಯಂ ಕೊಡಬೇಕು. ಈ ಮೂರನ್ನೂ ಮಾಡಲು ಆಗುವುದಿಲ್ಲ ಅನ್ನುವವರು ಕೆಸುವಿನ ಸಹವಾಸಕ್ಕೆ ಹೋಗದಿರುವುದೇ ಒಳ್ಳೆಯದು.

ಕೆಸುವಿನಲ್ಲಿ ಏನಿದೆ, ಎಷ್ಟಿದೆ

ಕೆಸುವಿನ ಎಲೆಯನ್ನು ಪೂರ್ತಿ ಒಣಗಿಸಿ ತೂಗಿದರೆ ಅದರಲ್ಲಿ ಶೇ. 20ರಿಂದ 25ರಷ್ಟು ಪ್ರೋಟೀನ್ ಇರುತ್ತದೆ. ಸೊಪ್ಪಿನ ಲೆಕ್ಕದಲ್ಲಿ ಇದು ತುಂಬಾ ಒಳ್ಳೆಯ ಮಟ್ಟ. ಆದರೆ ಹಸಿ ಎಲೆಯಲ್ಲಿ ಶೇ. 85ರಷ್ಟು ನೀರೇ. ದಂಟಿನಲ್ಲಂತೂ ಶೇ. 93ರ ಹತ್ತಿರ ನೀರು, ಪ್ರೋಟೀನ್ ಎಲೆಯ ಅರ್ಧವೂ ಇಲ್ಲ. ಗಿಡದ ತೂಕದಲ್ಲಿ ಹೆಚ್ಚಿನ ಪಾಲು ದಂಟಿನದು ಅನ್ನುವುದನ್ನು ಮರೆಯಬಾರದು.

ಲೆಕ್ಕ ಹಾಕಿ ನೋಡೋಣ. ದಂಟು ಸಮೇತ 10 ಕಿಲೋ ಹಸಿ ಕೆಸು ತಂದರೆ ಅದರಲ್ಲಿ ಒಣ ಮೇವಿನ ಅಂಶ ಒಂದು ಕಿಲೋದ ಆಸುಪಾಸು. ಪ್ರೋಟೀನ್ ಸುಮಾರು 150 ಗ್ರಾಂ. ಅಂದರೆ ಒಂದು ಕಿಲೋದ ಮೂರನೇ ಒಂದು ಭಾಗ ಕಡಲೆಕಾಯಿ ಹಿಂಡಿಯಲ್ಲಿ ಇರುವಷ್ಟು. ಬರೀ ಎಲೆಯನ್ನೇ ಆರಿಸಿ 10 ಕಿಲೋ ತಂದರೆ ಮುಕ್ಕಾಲು ಕಿಲೋ ಹಿಂಡಿಗೆ ಹತ್ತಿರವಾಗುತ್ತದೆ. ಹಿಂಡಿಯ ಪ್ರೋಟೀನ್ ಜೀರ್ಣವಾದಷ್ಟು ಚೆನ್ನಾಗಿ ಇದು ಜೀರ್ಣವಾಗುವುದಿಲ್ಲ, ಬೇಯಿಸಿ ನೀರು ಬಸಿದಾಗಲೂ ಸ್ವಲ್ಪ ಹೋಗುತ್ತದೆ. ಹಾಗಾಗಿ ಹಿಂಡಿಯ ಖರ್ಚು ಸ್ವಲ್ಪ ಇಳಿಯುತ್ತದೆ ಅಂದುಕೊಳ್ಳಿ, ಹಿಂಡಿಯೇ ಬೇಡ ಅಂದುಕೊಳ್ಳಬೇಡಿ. ಹುಲ್ಲಿಗೂ ಇದು ಬದಲಿಯಲ್ಲ. ಇದರಲ್ಲಿ ನಾರು ಕಡಿಮೆ. ಮೆಲುಕು ಹಾಕುವ ಪ್ರಾಣಿಗೆ ಒರಟು ಹುಲ್ಲು ಬೇಕೇ ಬೇಕು.

ಗಡ್ಡೆಯ ಗುಣವೇ ಬೇರೆ. ಅದರಲ್ಲಿ ಪಿಷ್ಟ ಜಾಸ್ತಿ, ಪ್ರೋಟೀನ್ ಕಡಿಮೆ. ಶಕ್ತಿಗೆ ಒಳ್ಳೆಯದು. ಮರಿಗಡ್ಡೆಗಳನ್ನು ಅಡುಗೆಗೆ, ಮಾರಾಟಕ್ಕೆ ತೆಗೆದ ಮೇಲೆ ಉಳಿಯುವ ಒರಟಾದ ತಾಯಿಗಡ್ಡೆ, ಗಾಯವಾದ ಗಡ್ಡೆ, ಇವು ಜಾನುವಾರಿನ ಪಾಲು.

ತುರಿಕೆ ಬೇರೆ, ಆಕ್ಸಲೇಟ್ ವಿಷ ಬೇರೆ

ಇದೊಂದನ್ನು ಅರ್ಥ ಮಾಡಿಕೊಂಡರೆ ಮುಂದಿನ ಎಲ್ಲ ಹಂತಗಳಿಗೂ ಕಾರಣ ಸಿಗುತ್ತದೆ.

ಕೆಸುವಿನ ಎಲೆ, ದಂಟು, ಗಡ್ಡೆ ಎಲ್ಲದರಲ್ಲೂ ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳಿವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡೂ ತುದಿ ಚೂಪಾದ ಸೂಜಿಗಳ ಕಟ್ಟು. ಅಗಿದಾಗ ಇವು ಬಾಯಿ, ನಾಲಿಗೆ, ಗಂಟಲಿಗೆ ಚುಚ್ಚುತ್ತವೆ. ಸೂಜಿಯ ಜೊತೆಗಿರುವ ಒಂದು ಬಗೆಯ ಪ್ರೋಟೀನ್ ಆ ಗಾಯಕ್ಕೆ ಇಳಿದು ಉರಿ, ಊತ ತರುತ್ತದೆ. ಚೆನ್ನಾಗಿ ಬೇಯಿಸಿದರೆ ಈ ಪ್ರೋಟೀನ್ ಕೆಡುತ್ತದೆ, ತುರಿಕೆ ನಿಲ್ಲುತ್ತದೆ. ಸೂಜಿಗಳು ಮಾತ್ರ ನೀರಿನಲ್ಲಿ ಕರಗುವುದಿಲ್ಲ.

ಎರಡನೆಯದು ನೀರಿನಲ್ಲಿ ಕರಗುವ ಆಕ್ಸಲೇಟ್. ಇದು ತುರಿಸುವುದಿಲ್ಲ, ಹಾಗಾಗಿ ಗೊತ್ತೇ ಆಗುವುದಿಲ್ಲ. ಹೊಟ್ಟೆಗೆ ಹೋದ ಮೇಲೆ ಮೇವಿನಲ್ಲಿರುವ ಕ್ಯಾಲ್ಸಿಯಂ ಜೊತೆ ಕಟ್ಟಿಕೊಂಡು ಅದನ್ನು ಮೈಗೆ ಸಿಗದಂತೆ ಮಾಡುತ್ತದೆ. ಜಾಸ್ತಿಯಾದರೆ ರಕ್ತಕ್ಕೂ ಸೇರಿ ಅಲ್ಲಿನ ಕ್ಯಾಲ್ಸಿಯಂ ಇಳಿಸುತ್ತದೆ, ಮೂತ್ರಪಿಂಡದಲ್ಲಿ ಹರಳು ಕಟ್ಟಿಸುತ್ತದೆ. ಬೇಯಿಸಿದಾಗ ಈ ಆಕ್ಸಲೇಟಿನ ದೊಡ್ಡ ಪಾಲು ನೀರಿಗೆ ಇಳಿಯುತ್ತದೆ. ಅದಕ್ಕೇ ಬೇಯಿಸಿದ ನೀರನ್ನು ಚೆಲ್ಲಬೇಕು. "ಸತ್ವ ಹೋಗುತ್ತದೆ" ಅಂತ ಆ ನೀರನ್ನೇ ಬಾನಿಗೆ ಹಾಕಿದರೆ ಬೇಯಿಸಿದ ಅರ್ಧ ಲಾಭ ಹೋಯಿತು.

ಬೈಹುಲ್ಲಿನಲ್ಲೂ ಆಕ್ಸಲೇಟ್ ಇದೆ, ನೇಪಿಯರ್ ಹುಲ್ಲಿನಲ್ಲೂ ಇದೆ. ನಮ್ಮ ಕಡೆ ಬಹಳಷ್ಟು ದನಗಳು ಬದುಕುವುದೇ ಈ ಎರಡರ ಮೇಲೆ. ಅದರ ಮೇಲೆ ಕೆಸುವನ್ನೂ ಸೇರಿಸಿದರೆ ಕ್ಯಾಲ್ಸಿಯಂ ಕೊರತೆ ಇನ್ನೂ ಹೆಚ್ಚುತ್ತದೆ. ಕ್ಯಾಲ್ಸಿಯಂ ಇರುವ ಖನಿಜ ಮಿಶ್ರಣ ಕೊಡದೆ ಕೆಸು ಕೊಡಬೇಡಿ ಎಂದು ಒತ್ತಿ ಹೇಳುತ್ತಿರುವುದು ಇದಕ್ಕೇ.

ಹಂತ 1: ಸರಿಯಾದ ಗಿಡ ಗುರುತಿಸಿ

ಕೆಸುವಿನ ಎಲೆಗೆ ದಂಟು ಸೇರುವುದು ಎಲೆಯ ಸೀಳಿನ ತುದಿಯಲ್ಲಲ್ಲ. ಅಲ್ಲಿಂದ ಸ್ವಲ್ಪ ಒಳಗೆ, ಎಲೆಯ ಹಿಂಬದಿಗೆ. ಎಲೆ ಕೆಳಮುಖವಾಗಿ ಬಾಗಿರುತ್ತದೆ. ನೀರು ಹಾಕಿದರೆ ಅಂಟದೆ ಮುತ್ತಾಗಿ ಉರುಳುತ್ತದೆ. ಎಲೆಯ ತುದಿ ಆಕಾಶ ನೋಡುತ್ತಾ ನಿಂತಿದ್ದರೆ, ದಂಟು ಸರಿಯಾಗಿ ಸೀಳಿನಲ್ಲೇ ಸೇರಿದ್ದರೆ ಅದು ಬೇರೆ ಜಾತಿಯ ದೊಡ್ಡ ಕಾಡುಕೆಸು ಇರಬಹುದು. ಅದರಲ್ಲಿ ತುರಿಕೆ ಇನ್ನೂ ಜೋರು. ಅಂಗಳದ ಕುಂಡಗಳಲ್ಲಿ ಬೆಳೆಸುವ ಬಣ್ಣಬಣ್ಣದ ಕ್ಯಾಲೇಡಿಯಂ, ಡೈಫೆನ್‌ಬೇಕಿಯಾ ನೋಡಲು ಕೆಸುವಿನ ನೆಂಟರೇ. ಅವನ್ನು ಬೇಯಿಸಿಯೂ ಕೊಡಬಾರದು.

ನನ್ನ ಸಲಹೆ ಸರಳ: ನಿಮ್ಮ ಮನೆಯಲ್ಲಿ ಯಾವ ಕೆಸುವನ್ನು ಅಡುಗೆ ಮಾಡಿ ತಿನ್ನುತ್ತೀರೋ ಅದನ್ನೇ ಜಾನುವಾರಿಗೂ ಕೊಡಿ. ಬಣ್ಣ ಕರಿಯೋ ಬಿಳಿಯೋ ಮುಖ್ಯವಲ್ಲ, ತಿಂದು ಗೊತ್ತಿರುವುದು ಮುಖ್ಯ.

ಹಂತ 2: ಜಾಗ ನೋಡಿ ಕೊಯ್ಯಿರಿ

ಊರಿನ ಚರಂಡಿ, ಬಚ್ಚಲ ನೀರು ಹರಿಯುವ ಜಾಗ, ಗ್ಯಾರೇಜು, ಕಾರ್ಖಾನೆಯ ಹಿಂಬದಿ, ಇಲ್ಲೆಲ್ಲ ಕೆಸು ಸೊಂಪಾಗಿ ಬೆಳೆಯುತ್ತದೆ. ಕೊಳಚೆ ನೀರಿನ ಲೋಹಗಳನ್ನು ಅದು ಹೀರಿಕೊಳ್ಳುತ್ತದೆ. ಬೇಯಿಸಿದರೂ ಲೋಹ ಹೋಗುವುದಿಲ್ಲ. ಅದನ್ನು ಮುಟ್ಟಬೇಡಿ.

ಅಡಿಕೆ ತೋಟದ ಕೆಸುವಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಕೊಳೆ ರೋಗಕ್ಕೆ ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಅಡಿಕೆ ಗೊನೆಗೆ ಹೊಡೆದ ದ್ರಾವಣ ತೊಟ್ಟಿಕ್ಕುವುದು ಎಲ್ಲಿಗೆ? ಕೆಳಗಿರುವ ಕೆಸುವಿನ ಮೇಲೆ. ಮೈಲುತುತ್ತು ಅಂದರೆ ತಾಮ್ರ. ಜಾನುವಾರುಗಳಲ್ಲಿ ತಾಮ್ರವನ್ನು ಎಲ್ಲಕ್ಕಿಂತ ಕಡಿಮೆ ತಡೆದುಕೊಳ್ಳುವ ಪ್ರಾಣಿ ಕುರಿ. ಅದರ ಪಿತ್ತಜನಕಾಂಗದಲ್ಲಿ ತಾಮ್ರ ಸೇರುತ್ತಾ ಹೋಗಿ ಒಂದು ದಿನ ಇದ್ದಕ್ಕಿದ್ದಂತೆ ಸಾಯುತ್ತದೆ. ಆದ್ದರಿಂದ ಅಡಿಕೆ ತೋಟದ ಕೆಸು ಕುರಿಗೆ ಬೇಡವೇ ಬೇಡ. ಎಳೆಗರುಗಳಿಗೂ ಬೇಡ. ದೊಡ್ಡ ದನಕ್ಕೆ, ಹಂದಿಗೆ ಕೊಡುವುದಾದರೆ ಔಷಧಿ ಹೊಡೆದಾಗ ಇದ್ದ ಎಲೆಗಳನ್ನೆಲ್ಲ ಸವರಿ ಗೊಬ್ಬರಕ್ಕೆ ಹಾಕಿ. ಆಮೇಲೆ ಹೊಸದಾಗಿ ಬಂದ ಎಲೆಗಳನ್ನು ಮಾತ್ರ ಬಳಸಿ. ಔಷಧಿ ಹೊಡೆಯದ ಗದ್ದೆಯಂಚು, ತೊರೆಯ ಬದಿಯ ಕೆಸು ಇದ್ದರೆ ಅದೇ ಮೊದಲ ಆಯ್ಕೆ. ಕಳೆನಾಶಕ ಹೊಡೆಯುವ ತೋಟದ ಕೆಸು ಯಾವ ಪ್ರಾಣಿಗೂ ಬೇಡ.

ಜೌಗಿನ ಗಿಡಕ್ಕೆ ಇನ್ನೊಂದು ತೊಂದರೆಯಿದೆ. ಕೆಸರಿನ ಬಸವನಹುಳುಗಳಿಂದ ಪಿತ್ತಜನಕಾಂಗದ ಜಂತು ಹರಡುತ್ತದೆ. ಅದರ ಮರಿಗಳು ನೀರಂಚಿನ ಎಲೆ, ದಂಟಿಗೆ ಅಂಟಿಕೊಂಡಿರುತ್ತವೆ. ಕುದಿಸಿದರೆ ಸಾಯುತ್ತವೆ. ಹಸಿ ಕೆಸು ಕೊಡಬಾರದು ಎನ್ನಲು ಇದೂ ಒಂದು ಕಾರಣ.

ಹಂತ 3: ಕೊಯ್ಲು

ಪ್ರತಿ ಗಿಡದಲ್ಲಿ ಒಳಗಿನ ಎರಡು ಮೂರು ಎಲೆ ಬಿಟ್ಟು ಹೊರಗಿನವನ್ನು ಕೊಯ್ಯಿರಿ. ಎಲ್ಲವನ್ನೂ ಸವರಿದರೆ ಗಡ್ಡೆ ಸೊರಗುತ್ತದೆ. ಪೂರ್ತಿ ಹಳದಿಯಾದ ಎಲೆ ಬೇಡ. ಎಲೆಯ ಮೇಲೆ ನೀರು ನೆನೆದಂತಹ ಕಂದು ಮಚ್ಚೆಗಳು ಹರಡಿ ಕೊಳೆಯುತ್ತಿದ್ದರೆ ಅದು ಕೆಸುವಿನ ಅಂಗಮಾರಿ. ಅಂಥ ಎಲೆಯನ್ನು ಮೇವಿಗೆ ಸೇರಿಸಬೇಡಿ.

ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಇಲ್ಲದಿದ್ದರೆ ತೆಂಗಿನೆಣ್ಣೆ ಸವರಿಕೊಳ್ಳಿ. ರಸ ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ. ಬಟ್ಟೆಗೆ ಬಿದ್ದ ಕಲೆ ಹೋಗುವುದಿಲ್ಲ, ಹಳೆಯ ಬಟ್ಟೆಯೇ ಸರಿ.

ತಂದ ಮೇಲೆ ಹರಿಯುವ ನೀರಿನಲ್ಲಿ ತೊಳೆದು, ಎಲೆಯ ಹಿಂಬದಿಯ ಹುಳ, ಮಣ್ಣು ತೆಗೆಯಿರಿ. ನಂತರ ಕೊಟ್ಟಿಗೆಯ ಮಾಡಿನಡಿ ತೆಳುವಾಗಿ ಹರಡಿ ಒಂದು ದಿನ ಬಾಡಲು ಬಿಡಿ. ನೀರು ಇಳಿದರೆ ಹೆಚ್ಚಲು ಹಗುರ, ಬೇಯಿಸಲು ಕಟ್ಟಿಗೆ ಉಳಿತಾಯ. ಆದರೆ ಬಾಡಿದ ಮಾತ್ರಕ್ಕೆ ತುರಿಕೆ ಹೋಗುವುದಿಲ್ಲ. ಬಾಡಿಸಿ ಹಾಗೇ ಹಾಕಿದರೆ ಆಯಿತು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಹಂತ 4: ಬೇಯಿಸುವುದು

ಮಲೆನಾಡಿನ ಮನೆಗಳಲ್ಲಿ ಬಚ್ಚಲೊಲೆ ಹೇಗೂ ಉರಿಯುತ್ತಿರುತ್ತದೆ. ಅಡಿಕೆ ಸಿಪ್ಪೆ, ಸೋಗೆಯ ದಂಟು ಧಾರಾಳ. ಅದೇ ಬೆಂಕಿಯಲ್ಲಿ ಒಂದು ಹಂಡೆ ಕೆಸು ಬೇಯುತ್ತದೆ. ಗೋಬರ್ ಗ್ಯಾಸ್ ಇದ್ದವರಿಗೆ ಇನ್ನೂ ಸುಲಭ. ಇದಕ್ಕಾಗಿ ದುಡ್ಡು ಕೊಟ್ಟು ಕಟ್ಟಿಗೆ, ಸಿಲಿಂಡರ್ ತರುವ ಹಾಗಿದ್ದರೆ ಲಾಭವಿಲ್ಲ. ಅಂಥವರು ಮುಂದೆ ಹೇಳುವ ರಸಮೇವಿನ ದಾರಿ ಹಿಡಿಯಿರಿ.

ಎಲೆ, ದಂಟನ್ನು ಎರಡು ಬೆರಳಗಲ ಹೆಚ್ಚಿ. ಗಡ್ಡೆಯನ್ನು ತೊಳೆದು ನಾಲ್ಕು ಹೋಳು ಮಾಡಿ. ಎಲೆ ಮತ್ತು ಗಡ್ಡೆ ಬೇರೆ ಬೇರೆ ಹೊತ್ತು ಬೇಯುವುದರಿಂದ ಗಡ್ಡೆ ಮೊದಲು ಹಾಕಿ, ಅದು ಅರ್ಧ ಬೆಂದ ಮೇಲೆ ಸೊಪ್ಪು ಹಾಕಿ. ನೀರು ಧಾರಾಳವಾಗಿರಲಿ, ಎಲ್ಲವೂ ಮುಳುಗಬೇಕು. ಕಡಿಮೆ ನೀರಿನಲ್ಲಿ ಬೇಯಿಸಿದರೆ ಆಕ್ಸಲೇಟ್ ಇಳಿಯಲು ಜಾಗವೇ ಇರುವುದಿಲ್ಲ.

ಕುದಿ ಬಂದ ಮೇಲೆ ಸೊಪ್ಪಿಗೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ದಂಟು ಬೆರಳಲ್ಲಿ ಒತ್ತಿದರೆ ಹಿಸುಕಿ ಹೋಗಬೇಕು. ಗಡ್ಡೆಯ ಸಿಪ್ಪೆ ತಾನೇ ಸುಲಿದು ಬರಬೇಕು, ನಡುವೆ ಗಟ್ಟಿ ಉಳಿಯಬಾರದು. ನೀರನ್ನು ಬಸಿದು ಗೊಬ್ಬರದ ಗುಂಡಿಗೆ ಹಾಕಿ. ದನ ಕುಡಿಯುವ ಜಾಗಕ್ಕೆ ಅದು ಹರಿಯಬಾರದು. ಸೊಪ್ಪಿನ ಮೇಲೆ ಇನ್ನೊಮ್ಮೆ ತಣ್ಣೀರು ಸುರಿದು ಅದನ್ನೂ ಬಸಿಯಿರಿ.

ಬೆಂದಿದೆಯಾ ನೋಡಲು ಅಡುಗೆಮನೆಯ ಪರೀಕ್ಷೆಯೇ ಸಾಕು. ತಣಿದ ಒಂದು ಚೂರನ್ನು ನಾಲಿಗೆಯ ತುದಿಗೆ ತಾಗಿಸಿ ಉಗುಳಿ. ಐದು ಹತ್ತು ನಿಮಿಷದಲ್ಲಿ ಚುರುಚುರು ಅಂದರೆ ಹೊಸ ನೀರು ಹಾಕಿ ಮತ್ತೆ ಬೇಯಿಸಿ. ನಿಮ್ಮ ನಾಲಿಗೆಗೆ ಆಗದ್ದು ಹಸುವಿನ ನಾಲಿಗೆಗೂ ಆಗುವುದಿಲ್ಲ, ಅಲ್ವಾ?

ಮಳೆಗಾಲದಲ್ಲಿ ಬೆಂದ ಸೊಪ್ಪು ಬೇಗ ಹಳಸುತ್ತದೆ. ಅಂದು ಬೇಯಿಸಿದ್ದು ಅಂದೇ ಮುಗಿಯಬೇಕು.

ಹಂತ 5: ಬೆರೆಸುವುದು ಮತ್ತು ಪ್ರಮಾಣ

ಬರೀ ಕೆಸುವನ್ನು ಬಾನಿಗೆ ಹಾಕಬೇಡಿ. ತೌಡು, ಬೂಸಾ, ಸ್ವಲ್ಪ ಹಿಂಡಿ, ಒಂದು ಹಿಡಿ ಉಪ್ಪು ಬೆರೆಸಿ. ಹಾಲು ಕೊಡುವ ದೊಡ್ಡ ಹಸುವಿಗೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ, ಸಣ್ಣ ಹಸುವಿಗೆ ಅದರ ಅರ್ಧ. ಇದನ್ನು ಕೆಸುವಿನ ಜೊತೆಯಲ್ಲೇ ಬೆರೆಸಿ. ಉಳಿದಿರುವ ಆಕ್ಸಲೇಟ್ ಹೊಟ್ಟೆಯಲ್ಲಿ ಈ ಕ್ಯಾಲ್ಸಿಯಂಗೆ ಅಂಟಿಕೊಂಡು ಸಗಣಿಯಲ್ಲಿ ಹೊರಗೆ ಹೋಗುತ್ತದೆ. ಬೆಳಿಗ್ಗೆ ಕೆಸು, ಸಂಜೆ ಖನಿಜ ಮಿಶ್ರಣ ಅಂತ ಬೇರೆ ಮಾಡಿದರೆ ಈ ಕೆಲಸ ಅಷ್ಟು ಚೆನ್ನಾಗಿ ಆಗುವುದಿಲ್ಲ.

ಪ್ರಮಾಣದಲ್ಲಿ ಎಡವುವುದು ಹಸುವಿನ ಗಾತ್ರ ಮರೆತಾಗ. ಜೆರ್ಸಿ, ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಯ ಹಸು 350 ಕಿಲೋ ತೂಗಬಹುದು. ನಮ್ಮ ನಾಟಿ ತಳಿ ಮಲೆನಾಡು ಗಿಡ್ಡ ನೂರು ಕಿಲೋದ ಆಸುಪಾಸು. ಎರಡಕ್ಕೂ ಒಂದೇ ಬಕೆಟ್ ಹಾಕಿದರೆ ಗಿಡ್ಡಕ್ಕೆ ಮೂರು ಪಟ್ಟು ಬಿದ್ದ ಹಾಗೆ. ದಿನದ ಒಟ್ಟು ಒಣ ಮೇವಿನಲ್ಲಿ ಕೆಸುವಿನ ಪಾಲು ಹತ್ತನೇ ಒಂದನ್ನು ದಾಟಬಾರದು ಎಂಬ ಲೆಕ್ಕ ಇಟ್ಟುಕೊಂಡು, ದಂಟು ಸಮೇತ, ಬೇಯಿಸುವ ಮುಂಚಿನ ಹಸಿ ತೂಕದಲ್ಲಿ ನಾನು ಹೇಳುವ ಮೇಲ್ಮಿತಿ ಹೀಗಿದೆ:

- ಮಿಶ್ರತಳಿ ಹಸು, ಎಮ್ಮೆ: ದಿನಕ್ಕೆ 8 ಕಿಲೋ
- ಮಲೆನಾಡು ಗಿಡ್ಡ: ಎರಡೂವರೆ ಕಿಲೋ
- ದೊಡ್ಡ ಮೇಕೆ: ಅರ್ಧ ಕಿಲೋ
- 50 ಕಿಲೋ ತೂಕದ ಹಂದಿ: 3ರಿಂದ 4 ಕಿಲೋ

ಇದನ್ನು ಎರಡು ಹೊತ್ತಿಗೆ ಹಂಚಿ. ಬರೀ ಎಲೆಯನ್ನೇ ಕೊಡುವುದಾದರೆ ಇದರ ಅರ್ಧಕ್ಕೆ ನಿಲ್ಲಿಸಿ.

ಹಂದಿಗೆ ಮಾತ್ರ ಹತ್ತನೇ ಒಂದಕ್ಕಿಂತ ಪಾಲು ಜಾಸ್ತಿ ಇಟ್ಟಿದ್ದೇನೆ. ಕೆಸು ಮತ್ತು ತೌಡು ಒಳ್ಳೆಯ ಜೋಡಿ. ಹೋಟೆಲಿನ ಉಳಿದ ಅನ್ನ, ಮನೆಯ ತರಕಾರಿ ಸಿಪ್ಪೆಯ ಮೇಲೆ ಸಾಕುವ ಹಂದಿಗೆ ಸೊಪ್ಪಿನ ಪ್ರೋಟೀನ್ ಬೇಕಾಗಿಯೇ ಇರುತ್ತದೆ. ಕೊಡಗಿನಂತಹ ಕಡೆ ಮನೆಯ ಹಿತ್ತಲಲ್ಲೇ ಕೆಸು, ಪಕ್ಕದಲ್ಲೇ ಹಂದಿಗೂಡು ಇದ್ದರೆ ಇದಕ್ಕಿಂತ ಅನುಕೂಲ ಇನ್ನೇನು? ಸೊಪ್ಪು ಸ್ವಲ್ಪವೇ ಇದ್ದರೆ ನಾನಂತೂ ಮೊದಲು ಹಂದಿಗೆ, ಉಳಿದರೆ ಹಸುವಿಗೆ ಅನ್ನುತ್ತೇನೆ.

ಬೇಯಿಸಿದ ಗಡ್ಡೆಯ ವಿಷಯದಲ್ಲಿ ದನ ಮತ್ತು ಹಂದಿಗೆ ತುಂಬಾ ವ್ಯತ್ಯಾಸವಿದೆ. ಹಂದಿ ಪಿಷ್ಟವನ್ನು ಸುಲಭವಾಗಿ ಅರಗಿಸಿಕೊಳ್ಳುತ್ತದೆ. ಹಸುವಿಗೆ ಬೆಂದ ಪಿಷ್ಟ ಒಮ್ಮೆಲೇ ಜಾಸ್ತಿಯಾದರೆ ಹೊಟ್ಟೆ ಹುಳಿಯಾಗುತ್ತದೆ. ಮದುವೆ ಮನೆಯ ಉಳಿದ ಅನ್ನ ತಿಂದು ಹಸು ಸತ್ತ ಸುದ್ದಿ ನೀವೂ ಕೇಳಿರುತ್ತೀರಿ. ಕಾರಣ ಅದೇ. ದೊಡ್ಡ ಹಸುವಿಗೆ ದಿನಕ್ಕೆ ಒಂದು ಕಿಲೋ ಬೆಂದ ಗಡ್ಡೆ ಸಾಕು, ಗಿಡ್ಡಕ್ಕೆ ಕಾಲು ಕಿಲೋ.

ಕೋಳಿಗೆ ಬೆಂದ ಗಡ್ಡೆಯನ್ನು ಹಿಸುಕಿ ತೌಡಿನಲ್ಲಿ ಕಲಸಿ ಸ್ವಲ್ಪ ಹಾಕಬಹುದು. ಮೊಟ್ಟೆ ಇಡುವ ಕೋಳಿಗೆ ಚಿಪ್ಪಿನ ಪುಡಿ ತಪ್ಪಿಸಬೇಡಿ.

ಹಂತ 6: ನಿಧಾನವಾಗಿ ರೂಢಿ ಮಾಡಿಸಿ

ಮೆಲುಕು ಹಾಕುವ ಪ್ರಾಣಿಗಳ ದೊಡ್ಡ ಹೊಟ್ಟೆಯಲ್ಲಿ ಆಕ್ಸಲೇಟನ್ನು ತಿಂದು ಒಡೆಯುವ ಸೂಕ್ಷ್ಮಜೀವಿಗಳಿವೆ. ಮೊದಲು ಅವು ಕಡಿಮೆ. ದಿನವೂ ಸ್ವಲ್ಪ ಸ್ವಲ್ಪ ಆಕ್ಸಲೇಟ್ ಬರುತ್ತಿದ್ದರೆ ಅವುಗಳ ಸಂಖ್ಯೆ ಹೆಚ್ಚುತ್ತದೆ. ಆದ್ದರಿಂದ ಮೊದಲ ನಾಲ್ಕು ದಿನ ಮೇಲ್ಮಿತಿಯ ಕಾಲು ಭಾಗ. ಆಮೇಲಿನ ಹತ್ತು ದಿನ ಅರ್ಧ. ಎರಡು ವಾರ ಕಳೆದ ಮೇಲೆ ಪೂರ್ತಿ. ನಡುವೆ ಒಂದು ವಾರ ನಿಲ್ಲಿಸಿದರೆ ಮತ್ತೆ ಕಾಲು ಭಾಗದಿಂದ ಶುರು ಮಾಡಿ.

ಹಸಿದ ಹೊಟ್ಟೆಗೆ ಕೆಸು ಕೊಡಲೇಬಾರದು. ಮೊದಲು ಹುಲ್ಲು, ಅರ್ಧ ಹೊಟ್ಟೆ ತುಂಬಿದ ಮೇಲೆ ಕೆಸುವಿನ ಬಾನಿ. ಕುಡಿಯುವ ನೀರು ಸದಾ ಇರಲಿ. ಮೂತ್ರ ಚೆನ್ನಾಗಿ ಹೋದರೆ ಹರಳು ಕಟ್ಟುವ ಭಯ ಕಡಿಮೆ.

ಇವುಗಳಿಗೆ ಮಾತ್ರ ಕೊಡಬೇಡಿ: ಕರು ಹಾಕಲು ಒಂದು ತಿಂಗಳಿರುವ ಹಸು, ಕರು ಹಾಕಿ ಎರಡು ತಿಂಗಳಾಗದ ಹಸು, ಆರು ತಿಂಗಳೊಳಗಿನ ಕರು, ಮರಿಗಳು, ಮೂತ್ರ ಕಟ್ಟಿದ ತೊಂದರೆ ಹಿಂದೆ ಆಗಿದ್ದ ಹೋತ ಅಥವಾ ಹೋರಿ, ಕುದುರೆ, ಮೊಲ. ಈಗಷ್ಟೇ ಕರು ಹಾಕಿದ ಹಸುವಿನ ಮೈಯ ಕ್ಯಾಲ್ಸಿಯಂ ಹಾಲಿಗೆ ಹರಿದು ಹೋಗುತ್ತಿರುತ್ತದೆ. ಹಾಲುಜ್ವರ ಬಂದು ಹಸು ನೆಲ ಹಿಡಿಯುವ ಸಮಯ ಅದು. ಆಗ ಕೆಸು ಹಾಕುವುದು ದೊಡ್ಡ ತಪ್ಪು. ಎಷ್ಟೇ ಮೇವಿನ ಕೊರತೆ ಇರಲಿ, ಇಲ್ಲಿ ರಾಜಿ ಬೇಡ.

ಹಂತ 7: ರಸಮೇವು ಮಾಡಿ ಇಡುವುದು

ಜಡಿಮಳೆಯಲ್ಲಿ ಕೆಸು ರಾಶಿ ರಾಶಿ ಸಿಗುತ್ತದೆ, ಬೇಸಿಗೆಯಲ್ಲಿ ಒಂದೆಲೆಯೂ ಇಲ್ಲ. ಹುದುಗಿಸಿ ಇಟ್ಟರೆ ಈ ತೊಂದರೆ ತಪ್ಪುತ್ತದೆ. ಹುದುಗುವಾಗ ಹುಳಿ ಏರಿ, ತುರಿಕೆಯೂ ಕರಗುವ ಆಕ್ಸಲೇಟೂ ಇಳಿಯುತ್ತವೆ. ಕಟ್ಟಿಗೆಯೂ ಬೇಡ. ಮಳೆ ಸ್ವಲ್ಪ ಬಿಡುವು ಕೊಡುವ ಸೆಪ್ಟೆಂಬರ್, ಅಕ್ಟೋಬರ್ ಇದಕ್ಕೆ ಸರಿಯಾದ ಕಾಲ.

ಎಲೆ, ದಂಟನ್ನು ತೊಳೆದು ಒಂದು ದಿನ ಪೂರ್ತಿ ಬಾಡಿಸಿ. ಇಲ್ಲಿ ಬಾಡಿಸುವುದನ್ನು ಬಿಡುವಂತಿಲ್ಲ. ನೀರು ಜಾಸ್ತಿ ಉಳಿದರೆ ಹುದುಗುವ ಬದಲು ಕೊಳೆಯುತ್ತದೆ. ಒಂದು ಇಂಚಿನ ಚೂರುಗಳಾಗಿ ಕತ್ತರಿಸಿ. ಮೇವು ಕತ್ತರಿಸುವ ಯಂತ್ರ ಇದ್ದರೆ ಚೆನ್ನ.

ಬಾಡಿದ 100 ಕಿಲೋ ಕೆಸುವಿಗೆ ಕತ್ತರಿಸಿದ ಒಣ ಬೈಹುಲ್ಲು 10 ಕಿಲೋ, ತೌಡು 5 ಕಿಲೋ, ಬೆಲ್ಲ 3 ಕಿಲೋ ಬೇಕು. ಬೆಲ್ಲವನ್ನು ಸ್ವಲ್ಪವೇ ನೀರಿನಲ್ಲಿ ಕರಗಿಸಿ ಚಿಮುಕಿಸಿ. ಕಾಕಂಬಿ ಸಿಕ್ಕರೆ ಅದೂ ಆಗುತ್ತದೆ. ಕೆಸುವಿನ ದಂಟಿನಲ್ಲೇ ಸಕ್ಕರೆ ಅಂಶ ಇರುವುದರಿಂದ ದಂಟು ಹೆಚ್ಚಿದ್ದರೆ ಬೆಲ್ಲ ಕಡಿಮೆ ಮಾಡಬಹುದು. ಬರೀ ಎಲೆಯಾದರೆ ಬೆಲ್ಲ ಬೇಕೇ ಬೇಕು. ಬೈಹುಲ್ಲು ನೀರು ಹೀರಿಕೊಳ್ಳುತ್ತದೆ. ಹಂದಿಗೆ ಮಾಡುವುದಾದರೆ ಹುಲ್ಲು ಬಿಟ್ಟು ತೌಡನ್ನೇ 10 ಕಿಲೋ ಮಾಡಿ.

ಬಿಗಿ ಮುಚ್ಚಳದ 200 ಲೀಟರಿನ ಪ್ಲಾಸ್ಟಿಕ್ ಡ್ರಮ್ ತೆಗೆದುಕೊಳ್ಳಿ. ಮೊದಲು ಏನು ತುಂಬಿದ್ದರು ಅನ್ನುವುದು ಗೊತ್ತಿರಬೇಕು. ರಾಸಾಯನಿಕದ ಡ್ರಮ್ ಬೇಡ. ತಳಕ್ಕೆ ನಾಲ್ಕು ಬೆರಳು ಒಣಹುಲ್ಲು. ಅದರ ಮೇಲೆ ಅರ್ಧ ಅಡಿಯಷ್ಟು ಕೆಸು ಹಾಕಿ ಚೆನ್ನಾಗಿ ತುಳಿಯಿರಿ. ಮತ್ತೆ ಹಾಕಿ, ಮತ್ತೆ ತುಳಿಯಿರಿ. ನಡುವೆ ಗಾಳಿ ಉಳಿದ ಕಡೆಯೆಲ್ಲ ಬೂಸ್ಟು ಬರುತ್ತದೆ. ಬಾಯಿಯವರೆಗೆ ತುಂಬಿ, ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಮರಳಿನ ಚೀಲ ಇಟ್ಟು ಮುಚ್ಚಳ ಬಿಗಿಯಿರಿ. ಒಂದೇ ದಿನದಲ್ಲಿ ತುಂಬಿ ಮುಗಿಸಬೇಕು. ಇಂದು ಅರ್ಧ, ನಾಳೆ ಅರ್ಧ ಅಂದರೆ ಕೆಡುತ್ತದೆ.

ನಾಲ್ಕು ವಾರ ಮುಟ್ಟಬೇಡಿ. ತೆರೆದಾಗ ಹುಳಿಹುಳಿಯಾದ, ಹಿತವಾದ ವಾಸನೆ ಬರಬೇಕು. ಬಣ್ಣ ಹಳದಿ ಮಿಶ್ರಿತ ಹಸಿರು. ಕೊಳೆತ ನಾತ, ಲೋಳೆ, ಕಪ್ಪು ಬಣ್ಣ ಇದ್ದರೆ ಪೂರ್ತಿ ಗೊಬ್ಬರಕ್ಕೆ. ಮೇಲ್ಪದರದಲ್ಲಿ ಮಾತ್ರ ಸ್ವಲ್ಪ ಬೂಸ್ಟು ಇದ್ದರೆ ಅದನ್ನೂ ಅದರ ಕೆಳಗಿನ ಒಂದು ಗೇಣನ್ನೂ ತೆಗೆದು ಎಸೆದು, ಕೆಳಗಿನದನ್ನು ನೋಡಿ. ಹಸುವಿಗೆ ಹಾಕುವ ಮುಂಚೆ ನಾಲಿಗೆ ಪರೀಕ್ಷೆ ಇಲ್ಲೂ ಮಾಡಿ. ತುರಿಸಿದರೆ ಇನ್ನೆರಡು ವಾರ ಮುಚ್ಚಿಡಿ. ಒಮ್ಮೆ ತೆರೆದ ಡ್ರಮ್ಮಿನಿಂದ ದಿನವೂ ಒಂದು ಪದರ ತೆಗೆದು ಮತ್ತೆ ಬಿಗಿ ಮುಚ್ಚಿ. ಖನಿಜ ಮಿಶ್ರಣ, ಮೇಲ್ಮಿತಿ, ನಿಧಾನದ ರೂಢಿ, ಎಲ್ಲವೂ ರಸಮೇವಿಗೂ ಅನ್ವಯಿಸುತ್ತವೆ. ಬಾಡಿಸಿ ನೀರು ಇಳಿಸಿರುವುದರಿಂದ ತೂಕದಲ್ಲಿ ಮೂರನೇ ಒಂದು ಭಾಗ ಕಡಿಮೆ ಕೊಡಿ. ಜೌಗಿನಲ್ಲಿ ಬೆಳೆದ ಕೆಸುವಾದರೆ ರಸಮೇವಿಗಿಂತ ಬೇಯಿಸುವುದೇ ಸುರಕ್ಷಿತ. ಆ ಜಂತಿನ ಮರಿಗಳನ್ನು ಖಚಿತವಾಗಿ ಕೊಲ್ಲುವುದು ಕುದಿಯುವ ನೀರು.

ಒಣಗಿಸಿ ಪುಡಿ ಮಾಡುವ ದಾರಿಯೂ ಇದೆ. ನನಗೆ ಅದು ಹಿಡಿಸಿಲ್ಲ. ಸೂಜಿಗಳು ಪುಡಿಯಲ್ಲಿ ಹಾಗೇ ಉಳಿಯುತ್ತವೆ, ಧೂಳು ಮೂಗು ಕಣ್ಣಿಗೆ ಹೋಗಿ ಉರಿಯುತ್ತದೆ, ಮಳೆಗಾಲದಲ್ಲಿ ಒಣಗುವುದೂ ಇಲ್ಲ.

ತೊಂದರೆ ಆದಾಗ

ಹಸಿ ಕೆಸು ತಿಂದ ಪ್ರಾಣಿ ಸ್ವಲ್ಪ ಹೊತ್ತಿನಲ್ಲೇ ಜೊಲ್ಲು ಸುರಿಸುತ್ತದೆ, ತಲೆ ಕೊಡವುತ್ತದೆ, ತುಟಿ ನಾಲಿಗೆ ಊದುತ್ತವೆ. ಬಾಯಲ್ಲಿ ಉಳಿದ ಸೊಪ್ಪು ತೆಗೆದು, ತಲೆ ಕೆಳಗೆ ಬಾಗಿಸಿ ತಣ್ಣೀರಿನಿಂದ ಬಾಯಿ ತೊಳೆಯಿರಿ. ಗೊಟ್ಟದಲ್ಲಿ ಎಣ್ಣೆಯನ್ನೋ ಮಜ್ಜಿಗೆಯನ್ನೋ ಬಲವಂತವಾಗಿ ಕುಡಿಸಬೇಡಿ. ಗಂಟಲು ಊದಿದಾಗ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಉಸಿರಾಟ ಕಷ್ಟವಾದರೆ ತಕ್ಷಣ ಪಶುವೈದ್ಯರನ್ನು ಕರೆಸಿ.

ಆಕ್ಸಲೇಟ್ ಜಾಸ್ತಿಯಾದ ಲಕ್ಷಣ ಬೇರೆ. ನಡುಕ, ನಡಿಗೆಯಲ್ಲಿ ತೂರಾಟ, ಮಂಕು, ಏಳಲಾಗದೆ ಮಲಗುವುದು, ಮೂತ್ರ ಕಡಿಮೆಯಾಗುವುದು. ಇದಕ್ಕೆ ಮನೆಮದ್ದಿಲ್ಲ. ಕ್ಯಾಲ್ಸಿಯಂ ಅನ್ನು ರಕ್ತನಾಳಕ್ಕೆ ವೈದ್ಯರೇ ಕೊಡಬೇಕು, ಅದೂ ನಿಧಾನವಾಗಿ, ಹೃದಯದ ಬಡಿತ ನೋಡಿಕೊಂಡು. ಕರ್ನಾಟಕದಲ್ಲಿ 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನದ ನೆರವು ಕೇಳಬಹುದು. ಏನು ತಿಂದಿದೆ, ಎಷ್ಟು, ಯಾವಾಗ ಅನ್ನುವುದನ್ನು ಮುಚ್ಚಿಡದೆ ಹೇಳಿ.

ಹಾಲು ಇಳಿದರೆ, ಸಗಣಿ ತೆಳುವಾದರೆ, ಹೊಟ್ಟೆ ಉಬ್ಬಿದರೆ ಕೆಸು ನಿಲ್ಲಿಸಿ ಬರೀ ಹುಲ್ಲಿಗೆ ಮರಳಿ. ಕೆಲವು ಹಸುಗಳು ಎಷ್ಟು ಬೇಯಿಸಿದರೂ ಮೂಸಿ ಮುಖ ತಿರುಗಿಸುತ್ತವೆ. ಹಟ ಹಿಡಿದು ತಿನ್ನಿಸಬೇಡಿ.

ಮೇವಿಗೆಂದೇ ಕೆಸು ಬೆಳೆಸುವುದಾದರೆ

ಪ್ರತಿ ವರ್ಷ ಬಳಸುವ ಮನಸ್ಸಿದ್ದರೆ ತೋಟದ ಔಷಧಿ ತಾಗದ ಜಾಗದಲ್ಲಿ ನಿಮ್ಮದೇ ಒಂದು ಪಾತಿ ಮಾಡಿ. ಕೊಟ್ಟಿಗೆ ತೊಳೆದ ನೀರು ಹರಿಯುವ ಕಡೆ ಕೆಸು ಚೆನ್ನಾಗಿ ಬರುತ್ತದೆ. ತಿರುವನಂತಪುರದ ಕೇಂದ್ರೀಯ ಗೆಡ್ಡೆಗೆಣಸು ಸಂಶೋಧನಾ ಸಂಸ್ಥೆ ಶ್ರೀ ರಶ್ಮಿ, ಶ್ರೀ ಪಲ್ಲವಿ, ಶ್ರೀ ಕಿರಣ್ ಎಂಬ ತಳಿಗಳನ್ನು ಕೊಟ್ಟಿದೆ. ಸಿಗದಿದ್ದರೆ ನೆರೆಮನೆಯ ತುರಿಸದ ಕೆಸುವಿನ ಮರಿಗಡ್ಡೆ ಸಾಕು.

ಮೇ ಕೊನೆಗೆ, ಮುಂಗಾರಿನ ಮೊದಲ ಮಳೆಗೆ, ಎರಡು ಅಡಿ ಅಂತರದ ಸಾಲಿನಲ್ಲಿ ಒಂದೂವರೆ ಅಡಿಗೊಂದರಂತೆ ಗಡ್ಡೆ ಊರಿ. ಸಗಣಿ ಗೊಬ್ಬರ ಹಾಕಿ ಮೇಲೆ ಸೊಪ್ಪು ಮುಚ್ಚಿ. ಎರಡು ತಿಂಗಳಿಗೆ ಮಣ್ಣು ಏರಿಸಿ. ಅಲ್ಲಿಂದ ಹದಿನೈದು ದಿನಕ್ಕೊಮ್ಮೆ ಹೊರಗಿನ ಎಲೆ ಕೊಯ್ಯಬಹುದು. ಗಡ್ಡೆಯೂ ಬೇಕು ಅನ್ನುವವರು ಪಾತಿಯ ಅರ್ಧ ಭಾಗದ ಎಲೆ ಮುಟ್ಟಬೇಡಿ. ಆರೇಳು ತಿಂಗಳಿಗೆ ಎಲೆ ಹಳದಿಯಾಗಿ ಬೀಳುತ್ತದೆ. ಆಗ ಕಿತ್ತು, ತಾಯಿಗಡ್ಡೆಯನ್ನು ಜಾನುವಾರಿಗೆ ತೆಗೆದಿಟ್ಟು, ಕೋಳಿಮೊಟ್ಟೆಗಿಂತ ಸ್ವಲ್ಪ ಚಿಕ್ಕದಾದ ಗಟ್ಟಿ ಮರಿಗಡ್ಡೆಗಳನ್ನು ಮುಂದಿನ ಬಿತ್ತನೆಗೆ ಆರಿಸಿ, ನೆರಳಿನಲ್ಲಿ ಒಣ ಮರಳಿನ ಮೇಲೆ ಹರಡಿಡಿ.